ಪರಿಷೆಯಿಂದ ಪರಿಷೆಗೆ: ಮಂಡಕ್ಕಿ ಚೀಲದ ಜೊತೆ ಹಟ್ಟಿಯಲ್ಲಿ ನಾಲ್ಕು ದಿನ

ಮೊದಲ ದಿನ: ಭಟ್ಟಿ

ನಮ್ಮ ಚಿಕ್ಕಪ್ಪನದು ಮಂಡಕ್ಕಿ ವ್ಯಾಪಾರ. ಅಂಗಡಿ ಅಂತ ಒಂದು ಕಡೆ ಇಲ್ಲ. ಜಾತ್ರೆ ಎಲ್ಲಿದೆಯೋ ಅಲ್ಲೇ ಅಂಗಡಿ. ದಾವಣಗೆರೆಯಲ್ಲಿ ಚೀಲ ಹೇರಿಕೊಂಡು ಹೊರಟರೆ, ತೇರು ಎಳೆದು ಜನ ಕರಗಿದ ಮೇಲೆಯೇ ಮನೆ ಕಡೆ ಮುಖ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಪ್ರತಿ ಸಲ ಜೊತೆಗೆ ಹೋಗುತ್ತಿದ್ದ ಅವರ ಮಗನಿಗೆ ಈ ವರ್ಷ ಪಿಯುಸಿ ಪರೀಕ್ಷೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ, ನಮ್ಮ ಬಾಯಲ್ಲಿ ಬರೀ ಹಟ್ಟಿ, ಅಲ್ಲಿನ ತಿಪ್ಪೇರುದ್ರಸ್ವಾಮಿ ಜಾತ್ರೆ ಹತ್ತಿರ ಬಂದಿತ್ತು. "ಕೈಗೆ ಒಬ್ರು ಬೇಕಿತ್ತು ನೋಡವ್ವಾ" ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ನಾನೇ ಬರುತ್ತೇನೆ ಎಂದೆ. ಆಫೀಸಿಗೆ ರಜೆ ಹಾಕಿದೆ.

ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹಟ್ಟಿ ತೇರು ನೋಡಿದ್ದೆ. ಆಮೇಲೆ ಹೋಗಿರಲಿಲ್ಲ. ಅದೂ ಜಾತ್ರೆಯನ್ನು ಅಂಗಡಿಯ ಒಳಗಿನಿಂದ ನೋಡುವುದು ಇದೇ ಮೊದಲು.

ಅವತ್ತು ಹೋಳಿ. ದಾವಣಗೆರೆಯಲ್ಲಿ ಹೋಳಿ ಅಂದರೆ ಊರಿಗೆ ಊರೇ ಬೀದಿಗೆ ಇಳಿಯುತ್ತದೆ. ಬೆಳಗ್ಗೆ ಏಳಕ್ಕೆಲ್ಲ ಹುಡುಗರು ಬಣ್ಣದ ಪ್ಯಾಕೆಟ್ ಹಿಡಿದು ಓಡಾಡುತ್ತಿದ್ದರು. ನಾವು ಬಣ್ಣ ಬೀಳುವ ಮೊದಲೇ ಮಂಡಕ್ಕಿ ಭಟ್ಟಿಗಳ ಕಡೆ ಹೋದೆವು. ಅಲ್ಲಿ ಒಲೆಗೆ ಯಾವ ಹಬ್ಬವೂ ಇಲ್ಲ. ಬೆಳಗಿನ ಜಾವಕ್ಕೇ ಉರಿ ಹತ್ತಿತ್ತು.

ಊರಿನವಳಾಗಿಯೂ ಮಂಡಕ್ಕಿ ಹೇಗೆ ಆಗುತ್ತದೆ ಎಂದು ನಾನು ಸರಿಯಾಗಿ ನೋಡಿರಲಿಲ್ಲ. ಭತ್ತವನ್ನು ನೆನೆಸಬೇಕು, ಬೇಯಿಸಬೇಕು, ಬಿಸಿಲಿಗೆ ಹರವಿ ಒಣಗಿಸಬೇಕು. ಮಿಲ್ಲಿಗೆ ಹಾಕಿಸಿ ಹೊಟ್ಟು ಬಿಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು. ಇಷ್ಟೆಲ್ಲ ಆದ ಮೇಲೆ ಕಾದ ಮರಳಿನಲ್ಲಿ ಹುರಿಯುವುದು. ಕಪ್ಪು ಮರಳಿಗೆ ಅಕ್ಕಿ ಬಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬಿಳಿ ಉಬ್ಬುತ್ತದೆ. ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನಾಲ್ಕು ದಿನದ ಕೆಲಸ, ಒಂದು ಕ್ಷಣದ ಹೂವು. ಒಲೆಯ ಮುಂದೆ ನಿಂತವರ ಮುಖ, ತೋಳು ಎಲ್ಲ ಕೆಂಪಗಾಗಿತ್ತು. ಅಲ್ಲಿ ಐದು ನಿಮಿಷ ನಿಲ್ಲುವುದೂ ನನಗೆ ಕಷ್ಟವಾಯಿತು. ಅವರು ದಿನವಿಡೀ ನಿಲ್ಲುತ್ತಾರೆ. ಮಂಡಕ್ಕಿ ಹಗುರ ಅಂತ ಇನ್ನೆಂದೂ ಸುಮ್ನೆ ಬಾಯಿ ಮಾತಿಗೂ ಹೇಳಲಾರೆ.

ಚಿಕ್ಕಪ್ಪ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಒಂದೊಂದೇ ಕಾಳು ಕಡಿದು ನೋಡಿದರು. ಗರಿ ಇದೆಯಾ, ಉಪ್ಪು ಸಮ ಹಿಡಿದಿದೆಯಾ, ತಳದಲ್ಲಿ ಮರಳು ಉಳಿದಿದೆಯಾ. ಒಂದು ಚೀಲ ಪಕ್ಕಕ್ಕೆ ಇಟ್ಟರು. ಭಟ್ಟಿಯವರು ಮಾತಾಡದೆ ಬೇರೆ ಚೀಲ ತಂದರು. ದುಡ್ಡು? ಅರ್ಧ ಈಗ, ಅರ್ಧ ಹಟ್ಟಿಯಿಂದ ಬಂದ ಮೇಲೆ. ಕಾಗದ ಇಲ್ಲ, ಸಹಿ ಇಲ್ಲ. "ಪರಿಷೆ ಮುಗೀಲಿ" ಅಂದರು, ಅಷ್ಟೇ. ನಮ್ಮ ಕಡೆ ಜಾತ್ರೆಗೆ ಪರಿಷೆ ಅನ್ನುವವರೇ ಜಾಸ್ತಿ.

ಮಧ್ಯಾಹ್ನ ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡುತ್ತಾ ಅವರ ವರ್ಷದ ಲೆಕ್ಕ ಕೇಳಿದೆ. ಅವರ ಕ್ಯಾಲೆಂಡರಿನಲ್ಲಿ ಜನವರಿ, ಫೆಬ್ರವರಿ ಇಲ್ಲ. ಭಾರತ ಹುಣ್ಣಿಮೆಗೆ ಉಚ್ಚಂಗಿದುರ್ಗ. ಅದೇ ಹೊತ್ತಿಗೆ ಹಡಗಲಿ ಕಡೆ ಮೈಲಾರಲಿಂಗನ ಜಾತ್ರೆ. ಒಬ್ಬರೇ ಎರಡು ಕಡೆ ಇರಲು ಆಗುತ್ತಾ? ಅದಕ್ಕೇ ಚಿಕ್ಕಪ್ಪ ಉಚ್ಚಂಗೆಮ್ಮನ ಕಡೆ, ಚಿಕ್ಕಮ್ಮನ ತಮ್ಮ ಮೈಲಾರದ ಕಡೆ. ಆಮೇಲೆ ಕೊಟ್ಟೂರೇಶ್ವರನ ತೇರು. ಎರಡು ವರ್ಷಕ್ಕೊಮ್ಮೆ ನಮ್ಮೂರ ದುಗ್ಗಮ್ಮನ ಜಾತ್ರೆ. ಆಗ ಮಾತ್ರ ವ್ಯಾಪಾರಕ್ಕಿಂತ ಮನೆಗೆ ಬರುವ ನೆಂಟರದೇ ದೊಡ್ಡ ಕೆಲಸ. ಫಾಲ್ಗುಣದಲ್ಲಿ ಹಟ್ಟಿ ತಿಪ್ಪಜ್ಜ, ಅಂದರೆ ತಿಪ್ಪೇರುದ್ರಸ್ವಾಮಿ. ಯುಗಾದಿ ಕಳೆದರೆ ಹಳ್ಳಿ ಹಳ್ಳಿಯ ತೇರುಗಳು. ಮಳೆಗಾಲದಲ್ಲಿ ಗಾಡಿ ನಿಲ್ಲುತ್ತದೆ. ಮತ್ತೆ ಭಾದ್ರಪದಕ್ಕೆ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮ. ಅಲ್ಲಿ ತುಂಬಲು ಎಂಬ ಜಾಗದಲ್ಲಿ ಭಕ್ತರು ದೇವಿಗೆ ಈರುಳ್ಳಿ ತೂರುತ್ತಾರೆ. ಬೆಳೆದದ್ದನ್ನೇ ಕೊಡುವುದು, ಅಲ್ವಾ? ಆ ಸೀಮೆಯ ಹೊಲ ಕೊಡುವುದೂ ಈರುಳ್ಳಿಯನ್ನೇ.

"ನಮ್ಮ ಮನೇಲಿ ಗೋಡೆಗೆ ಕ್ಯಾಲೆಂಡರ್ ಇರೋದು ಹಾಲಿನ ಲೆಕ್ಕ ಬರೆಯಾಕೆ" ಎಂದರು ಚಿಕ್ಕಮ್ಮ.

ಎರಡನೇ ದಿನ: ದುರ್ಗದ ದಾರಿ

ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹೊರಟಿತು. ಹಿಂದೆ ಮಂಡಕ್ಕಿ ಚೀಲ, ಖಾರದ ಡಬ್ಬ, ಪುಟಾಣಿ, ಬೆಂಡು, ಬತ್ತಾಸು, ಬಿದಿರು ಗಳ, ತಾಡಪಾಲು. ಮುಂದೆ ಡ್ರೈವರ್, ಚಿಕ್ಕಮ್ಮ, ನಾನು. ಚಿಕ್ಕಪ್ಪ ಹಿಂದೆ ಚೀಲಗಳ ನಡುವೆಯೇ ಕೂತರು. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಹೆದ್ದಾರಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂತು. ಬಂಡೆಗುಡ್ಡಗಳ ಹಿಂದೆ ಬೆಳಕು ಒಡೆಯುತ್ತಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು.

ದುರ್ಗದಲ್ಲಿ ಟೀ ಕುಡಿಯಲು ನಿಂತೆವು. ಟೀ ಅಂಗಡಿಯವರು ನಮ್ಮ ಗಾಡಿ ನೋಡಿಯೇ "ಹಟ್ಟಿಗಾ?" ಎಂದರು. ಅವರು ತಮ್ಮೂರಿನ ಮಾತು ತೆಗೆದರು. ದುರ್ಗದಲ್ಲಿ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಎಂಬ ಇಬ್ಬರು ದೇವತೆಯರು. ಅಕ್ಕತಂಗಿಯರು. ವರ್ಷಕ್ಕೊಮ್ಮೆ ಬೀದಿಯಲ್ಲಿ ಇಬ್ಬರ ಭೇಟಿ ಆಗುತ್ತದೆ. ಆ ಭೇಟಿ ನೋಡಲು ಮಹಡಿ, ಮಾಳಿಗೆ, ಗೋಡೆ ಎಲ್ಲ ಕಡೆ ಜನ. "ನಮ್ಮಕ್ಕನ್ನ ನಾನು ನೋಡಾದೂ ಅವತ್ತೇ. ಅಮ್ನೋರ ಭೇಟಿ ಮುಗುದ ಮ್ಯಾಲೆ ನಮ್ಮನೇಗೆ ಬತ್ತಾಳೆ" ಎಂದರು ಟೀ ಅಂಗಡಿಯವರು. ಈ ಮಾತು ನನ್ನ ಮನಸ್ಸಿನಲ್ಲಿ ದಾರಿ ಉದ್ದಕ್ಕೂ ಉಳಿಯಿತು.

ಚಳ್ಳಕೆರೆ ದಾಟುವಾಗ ಶೇಂಗಾ ಎಣ್ಣೆಯ ವಾಸನೆ ಕಿಟಕಿಯೊಳಗೆ ಬಂತು. ಎಣ್ಣೆ ಗಿರಣಿಗಳ ಊರು ಅದು. ಅಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಬಯಲು, ಬಯಲು, ಮತ್ತೆ ಬಯಲು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಕುದಾಪುರದ ಹತ್ತಿರ ರಸ್ತೆ ಪಕ್ಕ ಉದ್ದಕ್ಕೆ ಬೇಲಿ ಕಾಣಿಸಿತು. ಹಿಂದೆ ಇಲ್ಲೆಲ್ಲ ಅಮೃತಮಹಲ್ ಕಾವಲು, ಆ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲು. ಈಗ ಭಾರತೀಯ ವಿಜ್ಞಾನ ಸಂಸ್ಥೆಯ ದೊಡ್ಡ ಆವರಣ ಇಲ್ಲಿದೆ. ವಿಮಾನಗಳನ್ನು ಪರೀಕ್ಷಿಸಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿದ ಮೈದಾನ ಇದೇ ಸೀಮೆಯಲ್ಲಿ 2017ರಲ್ಲಿ ಶುರುವಾಯಿತು. ಚಿಕ್ಕಪ್ಪ ಹಿಂದಿನಿಂದ ಕೂಗಿ ಹೇಳಿದರು: "ಮದ್ಲು ಪರಿಷೆಗೆ ಬರೋ ಎತ್ತೆಲ್ಲ ಈ ಹುಲ್ಲಿಗೇ ಬಿಡ್ತಿದ್ರು." ದೇಶಕ್ಕೆ ಅದೂ ಬೇಕು, ಒಪ್ಪುತ್ತೇನೆ. ಆದರೆ ಆ ಬೇಲಿಯ ಉದ್ದ ನೋಡಿದಾಗ ಕುರಿ ಕಾಯುವವರು ಈಗ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹಟ್ಟಿ ಹತ್ತಿರವಾದಂತೆ ರಸ್ತೆಯಲ್ಲಿ ಎತ್ತಿನ ಗಾಡಿಗಳು ಸಿಕ್ಕವು. ಕಮಾನು ಕಟ್ಟಿದ ಗಾಡಿ, ಒಳಗೆ ಅಜ್ಜಿಯರು, ಮಕ್ಕಳು, ಹಿಟ್ಟಿನ ಗಂಟು, ಪಾತ್ರೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಪಕ್ಕದಲ್ಲಿ ಬರಿಗಾಲಲ್ಲಿ ನಡೆದು ಬರುವವರು. ಟ್ರ್ಯಾಕ್ಟರ್‌ಗಳೂ ಸಾಲು ಸಾಲು.

ಊರಲ್ಲಿ ತಿಪ್ಪೇರುದ್ರಸ್ವಾಮಿಗೆ ಎರಡು ಗುಡಿ. ಊರೊಳಗೆ ಒಳಮಠ, ಊರಾಚೆ ಹೊರಮಠ. ಹೊರಮಠದಲ್ಲಿ ಸ್ವಾಮಿಯ ಸಮಾಧಿ. ಒಳಮಠಕ್ಕೆ ಜನ ಹೇಳುವ ಒಂದು ಕಥೆ ಇದೆ. ಊರಿಗೆ ಬಂದ ತಿಪ್ಪಜ್ಜ ಮಾರಮ್ಮನ ಗುಡಿಯಲ್ಲಿ ಉಳಿಯಲು ಒಂದಿಷ್ಟು ಜಾಗ ಕೇಳಿದನಂತೆ. ತಾಯಿ ಒಪ್ಪಿದಳಂತೆ. ಅಜ್ಜ ಇಟ್ಟ ಜೋಳಿಗೆ, ಬೆತ್ತ ಬೆಳೆದು ಬೆಳೆದು ಗುಡಿ ತುಂಬಿತಂತೆ. ಮಾರಮ್ಮನೇ ಹೊರಗೆ ಹೋಗಬೇಕಾಯಿತಂತೆ. ಚಿಕ್ಕಮ್ಮ ಇದನ್ನು ಹೇಳುವಾಗ ಇಬ್ಬರ ಮೇಲೂ ಸಮ ಪ್ರೀತಿ ಇಟ್ಟುಕೊಂಡೇ ಹೇಳುತ್ತಾರೆ.

ನಮಗೆ ಜಾಗ ಹಿಡಿಯುವುದೇ ದೊಡ್ಡ ಚಿಂತೆಯಾಗಿತ್ತು. ಪ್ರತಿ ವರ್ಷ ಕೂರುವ ಜಾಗದಲ್ಲಿ ಈ ಸಲ ಬೇರೆ ಯಾರೋ ಗಳ ನೆಟ್ಟಿದ್ದರು. ಚಿಕ್ಕಪ್ಪ ಜಗಳ ಮಾಡಲಿಲ್ಲ. ಪಕ್ಕದ ಬಳೆ ಅಂಗಡಿಯ ಅಕ್ಕ ತಾವೇ ಬಂದು "ಅಣ್ಣ ಇಪ್ಪತ್ತು ವರ್ಷದಿಂದ ಇಲ್ಲೇ ಕೂರೋದು, ನಂಗೊತ್ತು" ಎಂದು ಹೇಳಿದರು. ಗಳ ನೆಟ್ಟವರು ಸ್ವಲ್ಪ ಹೊತ್ತು ಗೊಣಗಿ ಎರಡು ಮೊಳ ಸರಿದರು. ಎರಡು ಮೊಳ ಇವರೂ ಸರಿದರು. ಅಷ್ಟರಲ್ಲಿ ಅಂಗಡಿ ನಿಂತಿತು.

ಸಂಜೆಯ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಹಣೆ ತುಂಬ ವಿಭೂತಿ. ಸೆರಗಿನ ಗಂಟು ಬಿಚ್ಚಿ 150 ರೂಪಾಯಿ ಎಣಿಸಿ ಚಿಕ್ಕಮ್ಮನ ಕೈಗೆ ಇಟ್ಟರು. ಚಿಕ್ಕಮ್ಮ ಡಬ್ಬದ ತಳದಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ಹೋದ ವರ್ಷದ ಉದ್ರಿ. ಜನರ ಹೆಸರಿಲ್ಲ, ಬರೀ ಊರಿನ ಹೆಸರು, ಮುಂದೆ ಗುರುತು. "ತಳಕು, ಕೈಮೇಲೆ ಹಚ್ಚೆ ಅಜ್ಜಿ." "ನೇರಲಗುಂಟೆ, ಕುರಿ ಮಾರಾಕೆ ಬಂದಿದ್ದೋರು." "ಅಬ್ಬೇನಹಳ್ಳಿ, ಅವಳಿ ಮಕ್ಕಳ ತಾಯಿ." ಅಜ್ಜಿಯ ಸಾಲಿನ ಮೇಲೆ ಗೆರೆ ಎಳೆದರು. ಹೋದ ಪರಿಷೆಯಲ್ಲಿ ಅಜ್ಜಿಯ ದುಡ್ಡಿನ ಚೀಲ ಯಾರೋ ಕತ್ತರಿಸಿದ್ದರಂತೆ. ಮೊಮ್ಮಕ್ಕಳಿಗೆ ಬರಿಗೈಲಿ ಹೋಗಬಾರದು ಎಂದು ಚಿಕ್ಕಮ್ಮ ಮಂಡಕ್ಕಿ, ಖಾರ, ಬತ್ತಾಸು ಕಟ್ಟಿಕೊಟ್ಟಿದ್ದರು.

"ಫೋನ್ ನಂಬರ್ ಆದ್ರೂ ಬರ್ಕೋಬಾರದಾ?" ಎಂದು ಕೇಳಿದೆ.

"ಯಾಕೆ? ಪರಿಷೆಗೆ ಬಂದೇ ಬತ್ತಾರಲ್ಲ."

ಮೂರನೇ ದಿನ: ತೇರು

ಚಿತ್ತಾ ನಕ್ಷತ್ರದ ದಿನ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೊರಮಠದ ಕಡೆ ನಡೆದೆವು. ಆಗಲೇ ಅಲ್ಲಿ ಬೆಂಕಿ ಎದ್ದಿತ್ತು. ಇದು ಹಟ್ಟಿಯ ಹರಕೆ: ಒಣ ಕೊಬ್ಬರಿ ಸುಡುವುದು. ಭಕ್ತರು ಕೊಬ್ಬರಿ ತಂದು ಉರಿಗೆ ಹಾಕುತ್ತಾರೆ. ಎಣ್ಣೆ ಕಕ್ಕಿಕೊಂಡು ಕೊಬ್ಬರಿ ಉರಿಯುವ ಸದ್ದೇ ಬೇರೆ, ಚಟಪಟ ಎನ್ನುವುದಿಲ್ಲ, ಬುಸ್ ಎನ್ನುತ್ತದೆ. ಹೊಗೆ ಸಿಹಿ. ಮೈಗೆ, ಕೂದಲಿಗೆ, ಸೀರೆಗೆ ಅಂಟಿಕೊಳ್ಳುತ್ತದೆ. ಇದನ್ನು ಬರೆಯುವಾಗಲೂ ನನ್ನ ದುಪಟ್ಟಾದಲ್ಲಿ ಅದರ ವಾಸನೆ ಇದೆ.

ನನ್ನ ಪಕ್ಕ ನಿಂತ ಹೆಂಗಸು ಕೊಬ್ಬರಿ ಹಾಕಿ ಕೈ ಮುಗಿದು ಅಳುತ್ತಿದ್ದರು. ಮಗನಿಗೆ ಕಾಯಿಲೆ ವಾಸಿಯಾದರೆ ಕೊಬ್ಬರಿ ಸುಡುತ್ತೇನೆ ಎಂದು ಹೇಳಿಕೊಂಡಿದ್ದರಂತೆ. ವಾಸಿಯಾಗಿದೆ. ಇಷ್ಟು ಒಳ್ಳೆ ಕೊಬ್ಬರಿ ಬೂದಿ ಆಗುತ್ತದಲ್ಲ ಎಂದು ನನಗೂ ಒಮ್ಮೆ ಅನಿಸಿದ್ದು ನಿಜ. ಆ ತಾಯಿಯ ಮುಖ ನೋಡಿದ ಮೇಲೆ ಆ ಲೆಕ್ಕ ಅಲ್ಲಿಗೆ ನಿಂತಿತು. ಅವರು ಕೊಟ್ಟ ಮಾತು ತೀರಿಸಲು ಬಂದಿದ್ದರು. ತೀರಿಸಿ ಹಗುರಾಗಿ ಹೋದರು.

ಹಟ್ಟಿಯಲ್ಲಿ ಎಲ್ಲಿ ನೋಡಿದರೂ ಒಂದು ಮಾತು ಬರೆದಿರುತ್ತದೆ: "ಮಾಡಿದಷ್ಟು ನೀಡು ಭಿಕ್ಷೆ." ತಿಪ್ಪೇರುದ್ರಸ್ವಾಮಿಯ ಮಾತು. ಮಾಡಿದವನಿಗೆ ಮಾಡಿದಷ್ಟು. ಸ್ವಾಮಿ ಈ ಒಣ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದವರು. ಕೂಲಿ ಕೊಡುವ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಸಂಜೆ ಕೆಲಸ ಮುಗಿದಾಗ ಕೂಲಿಯವರ ಮುಂದೆ ಮರಳಿನ ಗುಡ್ಡೆಗಳು. ಅವರವರ ಗುಡ್ಡೆಯನ್ನು ಅವರವರು ಕೆದಕಿದರೆ ಒಳಗೆ ಅವತ್ತಿನ ಕೂಲಿ. ಜಾಸ್ತಿ ದುಡಿದವರಿಗೆ ಜಾಸ್ತಿ, ಮೈಗಳ್ಳರಿಗೆ ಕಡಿಮೆ. ಮಳೆ ಕೈಕೊಡುವ ನಾಡಿಗೆ ಕೆರೆ ಕಟ್ಟಿಸಿ, ಬೆವರಿಗೆ ಸರಿಯಾಗಿ ಕೂಲಿ ಕೊಟ್ಟವರನ್ನು ಜನ ದೇವರು ಮಾಡಿಕೊಂಡರು. ನನಗಂತೂ ಇದು ತುಂಬಾ ಸರಿ ಅನಿಸುತ್ತದೆ. ಹೋಗಿ ಬರುವವರು ಗುಡಿಯ ಜೊತೆ ಚಿಕ್ಕಕೆರೆ, ದೊಡ್ಡಕೆರೆಗಳ ಏರಿಯ ಮೇಲೂ ಒಮ್ಮೆ ನಿಲ್ಲಬೇಕು. ಸ್ವಾಮಿಯ ಕೆಲಸ ಇರುವುದು ಅಲ್ಲಿ.

ಎಂಟು ಗಂಟೆಗೆಲ್ಲ ಅಂಗಡಿ ಮುಂದೆ ಜನ ಮುತ್ತಿದರು. ನನಗೆ ಸೇರು ಹಿಡಿದು ಅಳೆಯುವ ಕೆಲಸ. ಅದರಲ್ಲೂ ಒಂದು ಕೈಚಳಕ ಇದೆ. ಮಂಡಕ್ಕಿಯನ್ನು ಒತ್ತಿ ತುಂಬಬಾರದು, ಮುರಿಯುತ್ತದೆ. ಮೇಲೆ ಗೋಪುರ ಬಿಟ್ಟು ಸುರಿಯಬೇಕು, ಆಮೇಲೆ ಒಂದು ಹಿಡಿ ಕೊಸರು. ಕೊಸರು ಹಾಕದಿದ್ದರೆ ಗಿರಾಕಿ ಕದಲುವುದೇ ಇಲ್ಲ. "ಕೊಸರು ಹಾಕವ್ವಾ ತಾಯಿ" ಎಂದು ಎಷ್ಟು ಸಲ ಕೇಳಿದೆನೋ. ಮನೆಗೆ ಒಯ್ಯುವವರು ಮಂಡಕ್ಕಿ, ಖಾರ, ಪುಟಾಣಿ, ಬೆಂಡು, ಬತ್ತಾಸು ಎಲ್ಲ ಸೇರಿಸಿ ಕಟ್ಟಿಸುತ್ತಾರೆ. ಜಾತ್ರೆಗೆ ಬರಲಾಗದ ನೆರೆಮನೆಯವರಿಗೂ ಒಂದು ಪಾಲು ಹೋಗಬೇಕು. ಅದಕ್ಕೆ ಇಲ್ಲಿ ಪಳಾರ ಅಂತಾರೆ. ಪಳಾರ ಹಂಚದ ಜಾತ್ರೆ ಅರ್ಧ ಜಾತ್ರೆ.

ಯಾರೋ "ತಿಪ್ಪೇಸ್ವಾಮೀ" ಎಂದು ಕೂಗಿದರು. ನಮ್ಮ ಅಂಗಡಿ ಮುಂದೆ ನಿಂತಿದ್ದ ನಾಲ್ಕು ಜನ ತಿರುಗಿದರು. ಒಬ್ಬ ಅಜ್ಜ, ಇಬ್ಬರು ನಡುವಯಸ್ಸಿನವರು, ಒಬ್ಬ ಶಾಲೆ ಹುಡುಗ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ, ತಿಪ್ಪೇಶ. ದುರ್ಗದ ಸೀಮೆಯ ಯಾವ ಹಾಜರಿ ಪುಸ್ತಕ ತೆಗೆದರೂ ಈ ಹೆಸರು ಸಿಗುತ್ತದೆ.

ಮಧ್ಯಾಹ್ನ ಬಿಸಿಲು ಏರಿತು. ಊರಿನವರು ಅಲ್ಲಲ್ಲಿ ಅರವಟ್ಟಿಗೆ ಇಟ್ಟಿದ್ದರು. ಪಾನಕ, ಮಜ್ಜಿಗೆ, ನೀರು. ಯಾರೂ ಯಾರನ್ನೂ ಕೇಳುವುದಿಲ್ಲ, ಲೋಟ ಹಿಡಿದರೆ ತುಂಬುತ್ತಾರೆ. ಒಬ್ಬ ಹುಡುಗ ಅಂಗಡಿಯಿಂದ ಅಂಗಡಿಗೆ ಬಂದು ಬಕೆಟ್ಟಿನಿಂದ ಮಜ್ಜಿಗೆ ಕೊಟ್ಟು ಹೋದ. ಕೂತು ವ್ಯಾಪಾರ ಮಾಡುವವರು ಎದ್ದು ಹೋಗಲಾರರು ಎಂದು ಅವನಿಗೆ ಗೊತ್ತಿತ್ತು.

ಮೂರು ಗಂಟೆ ಹೊತ್ತಿಗೆ ಚಿಕ್ಕಪ್ಪ ಅಂಗಡಿಗೆ ತಾಡಪಾಲು ಎಳೆದು "ನಡೀರಿ" ಎಂದರು. ತೇರು ಎಳೆಯುವಾಗ ಅವರು ವ್ಯಾಪಾರ ಮಾಡುವುದಿಲ್ಲ. ಅದು ಅವರ ತಂದೆಯ ಕಾಲದಿಂದ ಬಂದ ನೇಮ.

ತೇರುಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೊದಲು ಮುಕ್ತಿ ಬಾವುಟದ ಹರಾಜು. ತೇರಿನ ಮೇಲೆ ಇದ್ದ ಬಾವುಟಕ್ಕೆ ಮೈಕಿನಲ್ಲಿ ಸವಾಲು ಕೂಗುತ್ತಾರೆ. ಲಕ್ಷಗಟ್ಟಲೆಗೆ ಹೋಗುತ್ತದೆ. ಒಂದೊಂದು ಲಕ್ಷ ಏರಿದಾಗಲೂ ಜನ ಹೋ ಎನ್ನುತ್ತಿದ್ದರು. ಸೇರಿನ ಮೇಲೆ ಒಂದು ಹಿಡಿ ಕೊಸರಿಗೆ ಕಾದು ನಿಂತವರು, ಲಕ್ಷದ ಬಾವುಟ ಹಿಡಿದವರು, ಇಬ್ಬರೂ ಅದೇ ತೇರಿನ ಕೆಳಗೆ ಕತ್ತು ಎತ್ತಿ ನಿಂತಿದ್ದರು.

ಹರಾಜು ಮುಗಿದು ಹಗ್ಗಕ್ಕೆ ಕೈ ಬಿತ್ತು. ಮೊದಲ ಎಳೆತಕ್ಕೆ ತೇರು ಅಲುಗಲಿಲ್ಲ. ಎರಡನೆಯದಕ್ಕೆ ಒಂದು ನರಳು. ಮೂರನೆಯದಕ್ಕೆ ಗಾಲಿ ತಿರುಗಿತು. ಆ ಕ್ಷಣ ಎದ್ದ ಕೂಗು ಕಿವಿಯಿಂದ ಅಲ್ಲ, ಎದೆಯಿಂದ ಒಳಗೆ ಬಂತು. ಬಾಳೆಹಣ್ಣು ತೇರಿನ ಕಡೆ ಮಳೆಯ ಹಾಗೆ ಹಾರಿದವು. ಜೊತೆಗೆ ಮೆಣಸು, ಮಂಡಕ್ಕಿ. ನಾನು ಬೆಳಗ್ಗೆ ಅಳೆದು ಕೊಟ್ಟ ಮಂಡಕ್ಕಿ ಅದರಲ್ಲಿ ಒಂದು ಹಿಡಿಯಾದರೂ ಇದ್ದೀತು ಎಂದುಕೊಂಡೆ. ಭಟ್ಟಿಯ ಮುಂದೆ ಕೆಂಪಗೆ ಕಾದಿದ್ದ ಆ ತೋಳುಗಳು ನೆನಪಾದವು. ಗಾಲಿಗೆ ಅಡ್ಡ ಕೊಡುವವರು ಮರದ ತುಂಡು ಹಿಡಿದು ತೇರಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು. ಎಲ್ಲರೂ ಮೇಲೆ ಕಳಸ ನೋಡುತ್ತಿದ್ದಾಗ ಅವರ ಕಣ್ಣು ಮಾತ್ರ ನೆಲದ ಮೇಲೆ. ಅಷ್ಟು ದೊಡ್ಡ ತೇರನ್ನು ಆ ಜನಸಾಗರದ ನಡುವೆ ಕಾಯುವುದು ಅವರು. ತೇರು ಪಾದಗಟ್ಟೆಯ ಕಡೆ ಸಾಗಿತು. ಚಿಕ್ಕಪ್ಪ ಕಣ್ಣು ಒರೆಸಿಕೊಂಡರು. ಮೂವತ್ತು ವರ್ಷ ನೋಡಿದ ತೇರು ಅದು.

ರಾತ್ರಿ ಹುಣ್ಣಿಮೆ ಕಳೆದ ಚಂದ್ರ ಸ್ವಲ್ಪ ತಡವಾಗಿ ಮೇಲೆ ಬಂದ. ಊರಾಚೆ ಬಯಲಿನಲ್ಲಿ ಗಾಡಿಗಳ ಪಕ್ಕ ಮೂರು ಕಲ್ಲಿನ ಒಲೆ ಹತ್ತಿದ್ದವು. ಮುದ್ದೆ ಕುದಿಯುವ ವಾಸನೆ, ಎತ್ತಿನ ಗಂಟೆ, ಎಲ್ಲೋ ಭಜನೆ. ನಾವು ಹನ್ನೊಂದರವರೆಗೂ ವ್ಯಾಪಾರ ಮಾಡಿದೆವು.

ನಾಲ್ಕನೇ ದಿನ: ಕಂಬಳಿ

ತೇರಿನ ಮಾರನೇ ದಿನವೇ ನಿಜವಾದ ಸಂತೆ. ತೇರಿನ ದಿನ ಜನ ದೇವರಿಗೆ ಬರುತ್ತಾರೆ, ಮಾರನೇ ದಿನ ಮನೆಗೆ ಬೇಕಾದ್ದು ಕೊಳ್ಳುತ್ತಾರೆ. ಚಿಕ್ಕಮ್ಮ "ಹೋಗವ್ವಾ, ಸುತ್ತಾಡ್ಕೊಂಡು ಬಾ" ಎಂದು ಕಳಿಸಿದರು.

ಒಂದು ಸಾಲು ಪೂರ್ತಿ ರೈತರದು. ಮೂಗುದಾರ, ಕಣ್ಣಿ, ಬಾರುಕೋಲು, ಗೆಜ್ಜೆಪಟ್ಟಿ, ಕೊಂಬಿಗೆ ಹಾಕುವ ಹಿತ್ತಾಳೆ ಕೊಡಣಸು. ಗಂಟೆ ಕೊಳ್ಳುವ ರೀತಿ ನೋಡಲು ಚೆಂದ. ಕಣ್ಣು ಮುಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ತನ್ನ ಎತ್ತು ಕತ್ತಲಲ್ಲಿ ಎಲ್ಲಿದೆ ಎಂದು ದನಿಯಲ್ಲೇ ಗೊತ್ತಾಗಬೇಕು. ಒಬ್ಬರು ಹತ್ತು ಗಂಟೆ ನೋಡಿ ಹನ್ನೊಂದನೆಯದನ್ನು ಆರಿಸಿದರು. ಮುಂದಿನ ಸಾಲಲ್ಲಿ ಕುಡುಗೋಲು, ಗುದ್ದಲಿ, ಮೊರ, ಪುಟ್ಟಿ. ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳು ಇವೆಲ್ಲಕ್ಕಿಂತ ಉದ್ದ ಇದ್ದವು ಎನ್ನುವುದನ್ನೂ ಹೇಳಬೇಕು. ಅದು ನನಗೆ ಬೇಸರ ತಂದಿತು.

ಕೊನೆಯಲ್ಲಿ ಕಂಬಳಿ. ಚಳ್ಳಕೆರೆ ಸೀಮೆಯ ಕರಿ ಕಂಬಳಿ. ಒಬ್ಬ ಹಿರಿಯರು ನಾಲ್ಕು ಕಂಬಳಿ ಮುಂದೆ ಹಾಸಿಕೊಂಡು ಕೂತಿದ್ದರು. ಮುಟ್ಟಿ ನೋಡಿದೆ, ಒರಟು. "ಒರಟು ಅಂತ ಬಿಡಬ್ಯಾಡ ಕಣವ್ವಾ. ಹಾಕ್ಕಂಡಂಗೆಲ್ಲ ಮೆತ್ತಗಾಯ್ತದೆ" ಎಂದರು. ಕುರಿ ಉಣ್ಣೆ ಕತ್ತರಿಸಿ, ಹಿಂಜಿ, ನೂಲು ತೆಗೆದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿ ಮಗ್ಗಕ್ಕೆ ಏರಿಸುತ್ತಾರೆ. ಬಣ್ಣ ಹಾಕುವುದಿಲ್ಲ. ಕುರಿಯ ಕಪ್ಪೇ ಕಂಬಳಿಯ ಕಪ್ಪು. ಮಳೆ ಬಂದರೆ ಕೊಪ್ಪೆ, ಚಳಿಗೆ ಹೊದಿಕೆ, ದೇವರನ್ನು ಕೂರಿಸಲು ಗದ್ದುಗೆ. ಅವರ ಮನೆಯಲ್ಲಿ ನೂಲು ತೆಗೆಯುವುದು ಹೆಂಡತಿ, ನೇಯುವುದು ಅವರು. ಮಕ್ಕಳು ಬೆಂಗಳೂರಿನಲ್ಲಿ.

ಬೆಲೆ 2,200 ಎಂದರು. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ. ಪರ್ಸಿನಲ್ಲಿ 1,500 ಇತ್ತು. ಫೋನು ತೆಗೆದೆ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಎರಡು ಸಲ, ಮೂರು ಸಲ, ಗುಂಡಗೆ ತಿರುಗಿ ನಿಂತಿತು. ಚಿಕ್ಕಮ್ಮನ ಹತ್ತಿರ ಹೋಗಿ ತರುತ್ತೇನೆ ಎಂದೆ. ಆ ಹಿರಿಯರು ಬಸ್ಸಿಗೆ ಹೊರಡುವ ಹೊತ್ತು. ಮಿಕ್ಕ ಮೂರು ಕಂಬಳಿ ಮಡಚಿ ಗಂಟು ಕಟ್ಟುತ್ತಿದ್ದರು.

"ಯಾರ ಮನ್ಯೋಳವ್ವಾ ನೀನು?"

ದಾವಣಗೆರೆ, ಆ ಮೂಲೆಯ ಮಂಡಕ್ಕಿ ಅಂಗಡಿಯವರ ಅಣ್ಣನ ಮಗಳು ಎಂದೆ.

"ಮಂಡಕ್ಕಿಯಣ್ಣನ ಮಗಳಾ? ತಗಂಡೋಗು. ಮಿಕ್ಕಿದ್ದು ಬರೋ ಪರಿಷೆಗೆ ಕೊಡುವಂತೆ."

ಹೆಸರು ಕೇಳಲಿಲ್ಲ. ನಂಬರ್ ಕೇಳಲಿಲ್ಲ. ಕಂಬಳಿ ನನ್ನ ತೋಳಿನ ಮೇಲೆ ಹಾಕಿ, 1,500 ಎಣಿಸದೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

ಮಧ್ಯಾಹ್ನ ಅಂಗಡಿ ಬಿಚ್ಚಿದೆವು. ಎರಡು ಚೀಲ ಉಳಿದಿತ್ತು. ಒಂದನ್ನು ಬಳೆ ಅಂಗಡಿಯ ಅಕ್ಕನಿಗೆ ಕೊಟ್ಟರು. ಆ ಅಕ್ಕ ಚಿಕ್ಕಮ್ಮನಿಗೂ ನನಗೂ ಒಂದೊಂದು ಡಜನ್ ಹಸಿರು ಬಳೆ ತೊಡಿಸಿದರು. ಚಿಕ್ಕಪ್ಪ ಭಟ್ಟಿಯವರಿಗೆ ಕೊಡಬೇಕಾದ ಅರ್ಧ ದುಡ್ಡನ್ನು ಬೇರೆ ಎಣಿಸಿ ಒಳಜೇಬಿಗೆ ಇಟ್ಟರು.

ಗಾಡಿ ಹೊರಟಿತು. ಕುದಾಪುರದ ಬೇಲಿ ಮತ್ತೆ ಬಂತು, ಹೋಯಿತು. ಕಂಬಳಿ ನನ್ನ ತೊಡೆ ಮೇಲಿತ್ತು. ಉಣ್ಣೆಯ ವಾಸನೆಯ ಜೊತೆ ಕೊಬ್ಬರಿ ಹೊಗೆ ಸೇರಿಕೊಂಡಿತ್ತು. ಚಿಕ್ಕಮ್ಮ ನೋಟ್‌ಬುಕ್ ತೆಗೆದು ಈ ವರ್ಷದ ಉದ್ರಿ ಬರೆಯತೊಡಗಿದರು. ಮೂರು ಸಾಲು ಬರೆದು ಪೆನ್ನು ನನ್ನ ಕೈಗೆ ಕೊಟ್ಟರು.

ಹಿಂದಿನ ಪುಟಕ್ಕೆ ತಿರುಗಿಸಿ ನಾನು ಬರೆದೆ: "ಕಂಬಳಿ ಅಜ್ಜ, 700. ಕೊಡಬೇಕು."